ಒರಟು ಉಣ್ಣೆಗೆ ತಕ್ಕ ಕೆಲಸ: ಮನೆಯಲ್ಲೇ ನೂಲು, ನೇಯ್ಗೆ ಮತ್ತು ಹೆಣಿಗೆ

ಕುರಿ ಸಾಕುವ ರೈತ ಬಾಂಧವರಿಗೆಲ್ಲ ತಿಳಿದಿರುವ ಸಂಗತಿ: ಉಣ್ಣೆ ಬೇಕಿರಲಿ, ಬೇಡದಿರಲಿ, ಕುರಿಯ ತುಪ್ಪಟವನ್ನು ಕತ್ತರಿಸಲೇಬೇಕು. ಹಾಗೆಯೇ ಬಿಟ್ಟರೆ ತುಪ್ಪಟದಲ್ಲಿ ಉಣ್ಣಿ, ಹೇನು ಸೇರುತ್ತವೆ. ಬೇಸಿಗೆಯಲ್ಲಿ ಕುರಿ ಬಳಲುತ್ತದೆ. ಆದರೆ ಕತ್ತರಿಸಿದ ಉಣ್ಣೆ ಮಾರಿ ಬಂದ ಹಣ ಕತ್ತರಿಸಿದವರ ಕೂಲಿಗೂ ಸಾಲುವುದಿಲ್ಲ ಎಂಬ ದೂರು ಅನೇಕ ಹಳ್ಳಿಗಳಲ್ಲಿ ಕೇಳಿಬರುತ್ತದೆ. ಹೀಗಾಗಿ ಉಣ್ಣೆಯನ್ನು ಬೇಲಿಯ ಮಗ್ಗುಲಿಗೆ ಎಸೆಯುವವರೂ ಇದ್ದಾರೆ.

ಅದೇ ಮನೆಯವರು ಸಂತೆಗೆ ಹೋಗಿ 'ಉಲನ್' ಎಂದು ಬಣ್ಣ ಬಣ್ಣದ ನೂಲಿನ ಉಂಡೆ ಕೊಂಡು ತಂದು ಟೋಪಿ, ಸ್ವೆಟರು ಹೆಣೆಯುತ್ತಾರೆ. ಆ ನೂಲಿನಲ್ಲಿ ಬಹುಪಾಲು ಕುರಿಯ ಮೈಯಿಂದ ಬಂದದ್ದೇ ಅಲ್ಲ. ಅದು ಕಾರ್ಖಾನೆಯಲ್ಲಿ ತಯಾರಾದ ಅಕ್ರಿಲಿಕ್ ಎಂಬ ಕೃತಕ ಎಳೆ. ಮನೆಯಲ್ಲಿರುವ ಉಣ್ಣೆ ಬೇಲಿಗೆ, ಪೇಟೆಯ ಕೃತಕ ನೂಲು ಮನೆಗೆ ಎಂಬಂತಾಗಿದೆ.

ಇದಕ್ಕೆ ಒಂದು ಕಾರಣವಿದೆ. ನಮ್ಮ ಉಣ್ಣೆಯಿಂದ ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಮೊದಲೇ ಅರಿಯದೆ ಕೆಲಸಕ್ಕೆ ಕೈಹಾಕಿದರೆ ಮೊದಲ ವಸ್ತುವೇ ಕೆಟ್ಟು, ಉತ್ಸಾಹ ಕುಂದುತ್ತದೆ. ಉಣ್ಣೆಯ ಗುಣ ನೋಡಿ ವಸ್ತುವನ್ನು ಆರಿಸಿಕೊಂಡರೆ ಬಿಡುವಿನ ವೇಳೆಯಲ್ಲಿ ಮನೆಮಂದಿಯೇ ಗಟ್ಟಿಯಾದ, ಬಹುಕಾಲ ಬಾಳುವ ವಸ್ತುಗಳನ್ನು ಮಾಡಿಕೊಳ್ಳಬಹುದು. ಈ ಪಾಠದಲ್ಲಿ ಉಣ್ಣೆ ಹಸನು ಮಾಡುವುದರಿಂದ ಹಿಡಿದು ಒಂದು ನೇಯ್ದ ಆಸನ ಮತ್ತು ಒಂದು ಹೆಣೆದ ಮಸಿಬಟ್ಟೆ ಮಾಡುವವರೆಗಿನ ಕ್ರಮವನ್ನು ತಿಳಿಸಲಾಗಿದೆ.

ನಮ್ಮ ಉಣ್ಣೆಯ ಗುಣ

ಉಣ್ಣೆಯ ನಯವನ್ನು ಎಳೆಯ ದಪ್ಪದಿಂದ ಅಳೆಯುತ್ತಾರೆ. ಇದರ ಅಳತೆ ಮೈಕ್ರಾನ್. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್. ನಯವಾದ ಬಟ್ಟೆಗೆ ಹೆಸರಾದ ಮೆರಿನೊ ಕುರಿಯ ಎಳೆ ಸಾಮಾನ್ಯವಾಗಿ 24 ಮೈಕ್ರಾನಿಗಿಂತ ತೆಳು. ನಮ್ಮ ದಖನಿ ಕುರಿಯ ಎಳೆ ಸುಮಾರು 50 ಮೈಕ್ರಾನ್. ಬಳ್ಳಾರಿ ಕುರಿಯದು ಅದಕ್ಕಿಂತಲೂ ದಪ್ಪ, ಸುಮಾರು 60 ಮೈಕ್ರಾನ್. ಬನ್ನೂರು ಕುರಿ ಮತ್ತು ಕೆಂಗುರಿ ಮಾಂಸಕ್ಕಾಗಿ ಸಾಕುವ ತಳಿಗಳು. ಅವುಗಳ ಮೈಮೇಲಿರುವುದು ಹೆಚ್ಚಾಗಿ ಕೂದಲು, ನೂಲಲು ಬರುವುದಿಲ್ಲ.

30 ಮೈಕ್ರಾನಿಗಿಂತ ದಪ್ಪವಾದ ಎಳೆಯ ತುದಿ ಚರ್ಮಕ್ಕೆ ತಾಗಿದಾಗ ಬಾಗದೆ ಚುಚ್ಚುತ್ತದೆ. ಆದ್ದರಿಂದ ದಖನಿ ಉಣ್ಣೆಯ ಸ್ವೆಟರನ್ನು ಬರಿ ಮೈಗೆ ಹಾಕಿಕೊಂಡರೆ ತುರಿಕೆ ತಪ್ಪಿದ್ದಲ್ಲ. ಕೂಸುಗಳಿಗಂತೂ ಇದು ಸಲ್ಲದು. ಎಷ್ಟೇ ತೊಳೆದರೂ, ಎಷ್ಟೇ ತೆಳ್ಳಗೆ ನೂತರೂ ಈ ಗುಣ ಹೋಗುವುದಿಲ್ಲ. ಹಾಗೆಂದು ನಯ ಉಣ್ಣೆಯ ಕುರಿಯನ್ನೇ ತಂದು ಸಾಕುವುದು ಬಯಲುಸೀಮೆಗೆ ಹೊಂದುವ ಮಾತಲ್ಲ. 1962ರಲ್ಲಿ ರಾಜಸ್ಥಾನದ ಅವಿಕಾನಗರದಲ್ಲಿ ಆರಂಭವಾದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯು ನಯ ಉಣ್ಣೆಯ ಭಾರತ್ ಮೆರಿನೊ ಕುರಿಗಳನ್ನು ದಕ್ಷಿಣದಲ್ಲಿ ಸಾಕುತ್ತಿರುವುದು ತಮಿಳುನಾಡಿನ ಕೊಡೈಕೆನಾಲ್ ಬೆಟ್ಟದ ಮನ್ನವನೂರಿನಲ್ಲಿ. ಅಲ್ಲಿನ ತಂಪು ಚಿತ್ರದುರ್ಗದಲ್ಲಾಗಲಿ, ಕೊಪ್ಪಳದಲ್ಲಾಗಲಿ ಇಲ್ಲ. ನಮ್ಮ ಬಿಸಿಲು, ನಮ್ಮ ಮುಳ್ಳುಗಾವಲು, ದಿನವಿಡೀ ನಡೆಯುವ ಮೇವಿನ ದಾರಿ ಇವಕ್ಕೆ ತಡೆದುಕೊಳ್ಳುವುದು ನಮ್ಮ ಕುರಿಯೇ.

ಆದರೆ ಆಸನಕ್ಕೆ, ನೆಲಹಾಸಿಗೆ, ಚೀಲಕ್ಕೆ ಬೇಕಾದದ್ದು ಇದೇ ಒರಟುತನ. ದಪ್ಪ ಎಳೆ ತುಳಿತಕ್ಕೆ, ತಿಕ್ಕಾಟಕ್ಕೆ ಬೇಗ ಸವೆಯುವುದಿಲ್ಲ. ಅನೇಕ ಎಳೆಗಳ ಒಡಲು ಟೊಳ್ಳಾಗಿರುವುದರಿಂದ ಶಾಖವನ್ನು ತಡೆಯುತ್ತದೆ. ಒಣ ಉಣ್ಣೆಯು ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆಯೆನಿಸುವುದಿಲ್ಲ. ಬೆಂಕಿ ತಾಗಿದರೆ ಹತ್ತಿಯಂತೆ ಭಗ್ಗನೆ ಹತ್ತಿಕೊಳ್ಳದೆ ಕರಕಾಗಿ, ಬೆಂಕಿ ತೆಗೆದೊಡನೆ ತಾನಾಗಿಯೇ ನಂದುತ್ತದೆ.

ನಮ್ಮ ಹಿರಿಯರು ಈ ಗುಣಗಳನ್ನು ಚೆನ್ನಾಗಿ ಅರಿತಿದ್ದರು. ಚಳ್ಳಕೆರೆಯಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಲ್ಲಿ ಕುರುಬ ಸಮಾಜದವರು ಗುಳಿಮಗ್ಗದ ಮೇಲೆ ನೇಯುವ ಕರಿ ಕಂಬಳಿಯನ್ನು ನೋಡಿ. ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಬಳಿದು ಒಣಗಿಸಿ ನೇಯುತ್ತಾರೆ. ಇದರಿಂದ ನೂಲು ಮಗ್ಗದ ಎಳೆತವನ್ನು ತಡೆಯುತ್ತದೆ, ಕಂಬಳಿ ಬಿರುಸಾಗುತ್ತದೆ. ಕೊಪ್ಪೆ ಹಾಕಿಕೊಂಡರೆ ಮಳೆಯ ಹನಿ ಜಾರುತ್ತದೆ. ಹೊಲದಲ್ಲಿ ಹಾಸಿದರೆ ನೆಲದ ತಂಪು ಮೈಗೆ ಏರುವುದಿಲ್ಲ. ಅವರು ಒರಟು ಉಣ್ಣೆಯನ್ನು ನಯ ಮಾಡಲು ಹೋಗಲಿಲ್ಲ. ಒರಟುತನವೇ ಬೇಕಾದ ವಸ್ತುವನ್ನು ಮಾಡಿದರು. ಮನೆಯಲ್ಲಿ ಸಣ್ಣ ಪ್ರಮಾಣದಲ್ಲಿ ಕೆಲಸ ಮಾಡುವವರೂ ಇದೇ ಸೂತ್ರವನ್ನು ಪಾಲಿಸಬೇಕು.

ಉಣ್ಣೆ ಆರಿಸುವುದು

ಕತ್ತರಿಸುವ ಹಿಂದಿನ ದಿನ ಕುರಿಗಳನ್ನು ಹಳ್ಳ ಅಥವಾ ಕೆರೆಯ ನೀರಿನಲ್ಲಿ ತೊಳೆದು, ಮೈ ಪೂರ್ಣ ಒಣಗಿದ ಮೇಲೆ ಕತ್ತರಿಸಿರಿ. ಅರ್ಧದಷ್ಟು ಕೊಳೆ ಇಲ್ಲಿಯೇ ಹೋಗುತ್ತದೆ. ಒದ್ದೆ ಉಣ್ಣೆಯನ್ನು ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿಯುತ್ತದೆ. ಉಣ್ಣಿಗಾಗಿ ಔಷಧ ಹೊಡೆದ ಕುರಿಗಳ ಉಣ್ಣೆಯನ್ನು ಕೂಡಲೇ ಕತ್ತರಿಸಿ ಮನೆಯೊಳಗೆ ತರಬಾರದು. ಕತ್ತರಿಸಿ ಆದ ಮೇಲೆ ಔಷಧ ಹೊಡೆಯುವುದು ಲೇಸು.

ಒಂದು ದಖನಿ ಕುರಿಯಿಂದ ಆರು ತಿಂಗಳಿಗೊಮ್ಮೆ ಸಾಮಾನ್ಯವಾಗಿ 300ರಿಂದ 400 ಗ್ರಾಂ ಉಣ್ಣೆ ದೊರೆಯುತ್ತದೆ. ಇದನ್ನೆಲ್ಲ ಒಂದೇ ರಾಶಿ ಮಾಡದೆ, ಗೋಣಿತಟ್ಟಿನ ಮೇಲೆ ಹರಡಿ ಮೂರು ಪಾಲು ಮಾಡಿರಿ.

1. ಭುಜ, ಬೆನ್ನು ಮತ್ತು ಪಕ್ಕೆಯ ಉಣ್ಣೆ: ಉದ್ದವಾಗಿಯೂ ಶುಚಿಯಾಗಿಯೂ ಇರುತ್ತದೆ. ಹೆಣಿಗೆಯ ನೂಲಿಗೆ ಇದನ್ನು ಇಡಿ.

2. ತೊಡೆ ಮತ್ತು ಕುತ್ತಿಗೆಯ ಉಣ್ಣೆ: ಆಸನ, ನೆಲಹಾಸುಗಳ ಹೊಕ್ಕಿಗೆ ಸಾಕು.

3. ಹೊಟ್ಟೆ, ಕಾಲು, ಬಾಲದ ಸುತ್ತಿನ ಉಣ್ಣೆ: ಸಗಣಿ, ಮುಳ್ಳು ಅಂಟಿರುವ ಈ ಭಾಗವನ್ನು ನೂಲಲು ಬಳಸಬೇಡಿ. ಹಾಗೆಂದು ಎಸೆಯಲೂ ಬೇಡಿ. ಉಣ್ಣೆಯಲ್ಲಿ ಸಾರಜನಕ ಮತ್ತು ಗಂಧಕ ಇವೆ. ನಿಧಾನವಾಗಿ ಕೊಳೆಯುವುದರಿಂದ ತೆಂಗು, ಮಾವಿನ ಗಿಡದ ಪಾತಿಯಲ್ಲಿ ಮಣ್ಣಿನೊಡನೆ ಬೆರೆಸಿದರೆ ತೇವ ಉಳಿಸಿ, ಕ್ರಮೇಣ ಗೊಬ್ಬರವಾಗುತ್ತದೆ.

ಕಪ್ಪು, ಕಂದು, ಬಿಳಿ ಉಣ್ಣೆಗಳನ್ನೂ ಬೇರೆ ಬೇರೆ ಇಡಿ. ಈ ಮೂರೇ ಬಣ್ಣಗಳಿಂದ ಅಂದವಾದ ಪಟ್ಟೆಗಳನ್ನು ನೇಯಬಹುದು. ಕಪ್ಪನ್ನೂ ಬಿಳಿಯನ್ನೂ ಕೂಡಿಸಿ ಹಿಂಜಿದರೆ ಬೂದು ಬಣ್ಣ ದೊರೆಯುತ್ತದೆ. ಬಣ್ಣ ಹಾಕುವ ಖರ್ಚೇ ಇಲ್ಲ.

ಒಂದು ಮುಖ್ಯ ಎಚ್ಚರಿಕೆ. ಕಾಯಿಲೆಯಿಂದ ಅಥವಾ ಇದ್ದಕ್ಕಿದ್ದಂತೆ ಸತ್ತ ಕುರಿಯ ಉಣ್ಣೆಯನ್ನು ಯಾವ ಕಾರಣಕ್ಕೂ ಕೀಳಬಾರದು, ಕತ್ತರಿಸಬಾರದು. ನೆರಡಿ ರೋಗ ಅಥವಾ ಆಂಥ್ರಾಕ್ಸ್ ತಗುಲಿದ ಕುರಿ ಹಠಾತ್ತಾಗಿ ಸಾಯುತ್ತದೆ. ಮೂಗು, ಗುದದ್ವಾರಗಳಿಂದ ಕಪ್ಪು ರಕ್ತ ಬರಬಹುದು. ಈ ರೋಗಾಣು ಉಣ್ಣೆಗೆ ಅಂಟಿಕೊಂಡು ಬಹುಕಾಲ ಜೀವಂತವಾಗಿರುತ್ತದೆ; ಹಿಂಜುವಾಗ ಏಳುವ ಧೂಳಿನ ಮೂಲಕ ಮನುಷ್ಯರ ಪುಪ್ಪುಸಕ್ಕೂ ಸೇರಿ ಪ್ರಾಣಕ್ಕೇ ಅಪಾಯ ತರುತ್ತದೆ. ಅಂಥ ಕುರಿಯನ್ನು ಕೊಯ್ಯದೆ, ಚರ್ಮ ಸುಲಿಯದೆ ಕೂಡಲೇ ಪಶುವೈದ್ಯರಿಗೆ ತಿಳಿಸಿರಿ.

ತೊಳೆಯುವುದು

ಹೊಸಬರು ಹೆಚ್ಚಾಗಿ ಉಣ್ಣೆ ಕೆಡಿಸುವುದು ಈ ಹಂತದಲ್ಲಿ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂತೆ ಸಣ್ಣ ಪದರುಗಳಿವೆ. ಬಿಸಿನೀರು, ಸೋಪು, ತಿಕ್ಕಾಟ ಈ ಮೂರೂ ಒಟ್ಟಿಗೆ ಸೇರಿದರೆ ಪದರುಗಳು ಒಂದಕ್ಕೊಂದು ಕಚ್ಚಿಕೊಂಡು ಉಣ್ಣೆ ಮುದ್ದೆಗಟ್ಟುತ್ತದೆ. ಗಟ್ಟಿಯಾದ ಮುದ್ದೆಯನ್ನು ಬಿಡಿಸಲು ಸಾಧ್ಯವಿಲ್ಲ. ಎರಡನೆಯದಾಗಿ, ಉಣ್ಣೆ ನಮ್ಮ ಕೂದಲಿನಂತೆಯೇ ಸಸಾರಜನಕ ವಸ್ತು; ಕ್ಷಾರಕ್ಕೆ ತಡೆಯುವುದಿಲ್ಲ. ಆದ್ದರಿಂದ ವಾಷಿಂಗ್ ಸೋಡಾ, ಚೌಳು, ಬಟ್ಟೆ ಒಗೆಯುವ ಕಾರದ ಸೋಪು ಇವುಗಳನ್ನು ಬಳಸಕೂಡದು.

ಎಲ್ಲಕ್ಕಿಂತ ಸೂಕ್ತವಾದದ್ದು ಅಂಟುವಾಳ ಕಾಯಿ. ಕೊಳವೆ ಬಾವಿಯ ಗಡಸು ನೀರಿನಲ್ಲಿ ಸೋಪು ಒಡೆದು ಉಣ್ಣೆಗೆ ಬಿಳಿಯ ಜಿಗುಟಾಗಿ ಅಂಟುತ್ತದೆ. ಅಂಟುವಾಳದಲ್ಲಿ ಈ ದೋಷವಿಲ್ಲ. ಕ್ರಮ ಹೀಗಿದೆ:

1. ಎರಡು ಹಿಡಿ ಅಂಟುವಾಳದ ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ, ಕಿವುಚಿ ಸೋಸಿಕೊಳ್ಳಿ.

2. ಒಂದು ಕಿಲೋ ಉಣ್ಣೆಗೆ 15ರಿಂದ 20 ಲೀಟರ್ ನೀರನ್ನು ಕೈ ತಡೆದುಕೊಳ್ಳುವಷ್ಟು ಬಿಸಿ ಮಾಡಿ, ಸೋಸಿದ ರಸ ಬೆರೆಸಿರಿ. ಉಣ್ಣೆಯ ಮೇಲಿನ ಮೇಣ ಸುಮಾರು 40 ಡಿಗ್ರಿಯಲ್ಲಿ ಕರಗುತ್ತದೆ. ತಣ್ಣೀರಿನಲ್ಲಿ ಎಷ್ಟು ತೊಳೆದರೂ ಜಿಡ್ಡು ಹೋಗದು.

3. ಉಣ್ಣೆಯನ್ನು ನೀರಿನಲ್ಲಿ ಮೆಲ್ಲಗೆ ಅದ್ದಿ ಅರ್ಧ ಗಂಟೆ ಬಿಡಿ. ತಿಕ್ಕಬೇಡಿ, ಕುಕ್ಕಬೇಡಿ, ಹಿಂಡಬೇಡಿ. ಒತ್ತಿ ತೆಗೆಯಿರಿ.

4. ಜಾಲಿಸುವ ನೀರೂ ಅಷ್ಟೇ ಬೆಚ್ಚಗಿರಲಿ. ಬಿಸಿಯಿಂದ ಒಮ್ಮೆಲೇ ತಣ್ಣೀರಿಗೆ ಹಾಕಿದರೂ ಉಣ್ಣೆ ಮುದುಡುತ್ತದೆ. ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ಬದಲಾಯಿಸಿ.

5. ನೆರಳಿನಲ್ಲಿ, ಗಾಳಿಯಾಡುವ ಕಡೆ ತೆಳ್ಳಗೆ ಹರಡಿ ಒಣಗಿಸಿ. ತೊಳೆದ ನೀರನ್ನು ಗಿಡಗಳಿಗೆ ಹಾಕಿರಿ. ಮೀನು ಬಿಟ್ಟ ಕೆರೆ, ಹೊಂಡಗಳಿಗೆ ಹರಿಯಬಿಡಬೇಡಿ. ಅಂಟುವಾಳದ ರಸ ಮೀನಿಗೆ ವಿಷ.

ತೊಳೆಯುವ ಮೊದಲು ಮತ್ತು ಒಣಗಿದ ನಂತರ ತೂಗಿ ಬರೆದಿಡಿ. ಮುಂದಿನ ಲೆಕ್ಕಕ್ಕೆ ಇದು ಬೇಕು.

ಹಿಂಜುವುದು ಮತ್ತು ನೂಲುವುದು

ಒಣಗಿದ ಉಣ್ಣೆಯನ್ನು ಬೆರಳುಗಳಿಂದ ಬಿಡಿಸಿ, ಕಸ, ಮುಳ್ಳು, ಮುಲ್ಲಂಗಿ ಬೇರಿನಂತೆ ಗಂಟಾದ ತುಂಡುಗಳನ್ನು ತೆಗೆಯಿರಿ. ಕಂಬಳಿ ಮಾಡುವವರು ಬಿಲ್ಲಿನಿಂದ ಹಿಂಜುತ್ತಾರೆ. ಮನೆಯಲ್ಲಿ ಸ್ವಲ್ಪ ಉಣ್ಣೆಗೆ ತಂತಿಯ ಹಲ್ಲುಗಳಿರುವ ಎರಡು ಕೈಹಲಗೆ ಸಾಕು. ಒಂದರ ಮೇಲೆ ಉಣ್ಣೆ ಹರಡಿ, ಇನ್ನೊಂದರಿಂದ ಬಾಚಿದರೆ ಎಳೆಗಳು ಒಂದೇ ದಿಕ್ಕಿಗೆ ಬರುತ್ತವೆ. ಅದನ್ನು ಸುರುಳಿ ಸುತ್ತಿದರೆ ಹಂಜಿ ಸಿದ್ಧ. ಹಿಂಜುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಈ ಕೆಲಸವನ್ನು ಹೊರಗೆ ಮಾಡಿ.

ರಾಟೆ ಇದ್ದವರು ರಾಟೆಯಲ್ಲಿ ನೂಲಬಹುದು. ಇಲ್ಲದವರು ತಕಲಿ ಮಾಡಿಕೊಳ್ಳಿ. ಸುಮಾರು 30 ಸೆಂ.ಮೀ. ಉದ್ದದ ನುಣುಪಾದ ಬಿದಿರಿನ ಕಡ್ಡಿ, ಅದರ ಕೆಳತುದಿಗೆ ಮರದ ದುಂಡನೆಯ ಬಿಲ್ಲೆ, ಮೇಲ್ತುದಿಯಲ್ಲಿ ನೂಲು ಸಿಕ್ಕಿಸಲು ಒಂದು ಕಚ್ಚು, ಇಷ್ಟೇ ಅದರ ರಚನೆ. ಬಿಲ್ಲೆಯ ತೂತು ನಟ್ಟನಡುವೆ ಇರಬೇಕು. ಓರೆಯಾದರೆ ತಕಲಿ ತೊನೆಯುತ್ತದೆ, ನೂಲು ತುಂಡಾಗುತ್ತದೆ.

ನೂಲುವ ಗುಟ್ಟು ಎರಡೇ: ಎಳೆ ಬಿಡುವುದು ಸಮನಾಗಿರಬೇಕು; ಹುರಿ ಸಾಕಷ್ಟು ಇರಬೇಕು. ಹುರಿ ಸರಿಯಾಗಿದೆಯೇ ಎಂದು ತಿಳಿಯಲು ಆಗಷ್ಟೇ ನೂತ ನೂಲನ್ನು ಒಂದು ಗೇಣು ಸಡಿಲ ಬಿಡಿ. ತಾನಾಗಿಯೇ ಜಡೆಯಂತೆ ಸುತ್ತಿಕೊಂಡರೆ ಹುರಿ ಸರಿಯಿದೆ. ಸುಮ್ಮನೆ ಜೋತುಬಿದ್ದರೆ ಕಡಿಮೆ. ಗಂಟುಗಂಟಾಗಿ ಮುರುಟಿಕೊಂಡರೆ ಹೆಚ್ಚು.

ಒಂಟಿ ಎಳೆ ಹೆಣಿಗೆಗೆ ಹೊಂದುವುದಿಲ್ಲ. ಹೆಣೆದ ಬಟ್ಟೆ ಒಂದು ಕಡೆಗೆ ವಾರೆಯಾಗುತ್ತದೆ. ಎರಡು ಎಳೆಗಳನ್ನು ಜೋಡಿಸಿ, ನೂತ ದಿಕ್ಕಿಗೆ ವಿರುದ್ಧವಾಗಿ ತಕಲಿ ತಿರುಗಿಸಿ ಹುರಿ ಮಾಡಿರಿ. ಬಲಕ್ಕೆ ತಿರುಗಿಸಿ ನೂತಿದ್ದರೆ ಜೋಡಿ ಹುರಿಯನ್ನು ಎಡಕ್ಕೆ ತಿರುಗಿಸಬೇಕು. ಆಗ ಎರಡೂ ಹುರಿಗಳು ಒಂದನ್ನೊಂದು ಹಿಡಿದು ನೂಲು ಸಮಸ್ಥಿತಿಗೆ ಬರುತ್ತದೆ. ಲಡಿ ಮಾಡಿ, ನಾಲ್ಕು ಕಡೆ ದಾರ ಕಟ್ಟಿ, ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ, ತಂತಿಯ ಮೇಲೆ ನೇತುಹಾಕಿ ಒಣಗಿಸಿರಿ.

ನೂಲಿನ ದಪ್ಪ ತಿಳಿಯಲು 10 ಮೀಟರ್ ಅಳೆದು ತೂಗಿರಿ. 10 ಮೀಟರ್ ಜೋಡಿ ನೂಲು ಸುಮಾರು 10 ಗ್ರಾಂ ತೂಗಿದರೆ ಹೆಣಿಗೆಗೆ, 20 ಗ್ರಾಂ ತೂಗಿದರೆ ಆಸನದ ಹೊಕ್ಕಿಗೆ ಇಡಿ. ಪ್ರತಿ ಲಡಿಗೂ ಒಂದು ಚೀಟಿ ಕಟ್ಟಿ, ತೂಕ ಬರೆಯುವ ಅಭ್ಯಾಸವಿರಲಿ.

ಮೊದಲ ವಸ್ತು: ನೇಯ್ದ ಆಸನ

ಇದಕ್ಕೆ ದೊಡ್ಡ ಮಗ್ಗ ಬೇಡ. ನವಲಗುಂದದಲ್ಲಿ ಹೆಣ್ಣುಮಕ್ಕಳು ಮನೆಯಲ್ಲೇ ನಿಲ್ಲಿಸಿದ ಮಗ್ಗದ ಮೇಲೆ ಹತ್ತಿಯ ಜಮಖಾನ ನೇಯುವುದನ್ನು ನೀವು ಕೇಳಿರಬಹುದು. ಅದೇ ಜಾತಿಯ, ಅದಕ್ಕಿಂತ ಬಹಳ ಚಿಕ್ಕದಾದ ಚೌಕಟ್ಟು ನಮಗೆ ಸಾಕು.

ಚೌಕಟ್ಟು: 75 ಸೆಂ.ಮೀ. ಉದ್ದದ ಎರಡು, 65 ಸೆಂ.ಮೀ. ಉದ್ದದ ಎರಡು ರೀಪರುಗಳನ್ನು ಜೋಡಿಸಿ ಚೌಕಟ್ಟು ಮಾಡಿ. ಮೇಲಿನ ಮತ್ತು ಕೆಳಗಿನ ರೀಪರಿಗೆ ಒಂದೊಂದು ಸೆಂ.ಮೀ. ಅಂತರದಲ್ಲಿ ತಲಾ 50 ಸಣ್ಣ ಮೊಳೆ ಹೊಡೆಯಿರಿ. ಒಂದೇ ಗೆರೆಯ ಮೇಲೆ ಹೊಡೆದರೆ ಮರ ಸೀಳುತ್ತದೆ. ಒಂದು ಮೇಲೆ, ಒಂದು ಕೆಳಗೆ ತುಸು ಸರಿಸಿ ಹೊಡೆಯಿರಿ. ಕೆಳಸಾಲಿನ ಮೊಳೆಗಳು ಮೇಲುಸಾಲಿನವಕ್ಕಿಂತ ಅರ್ಧ ಸೆಂ.ಮೀ. ಎಡಕ್ಕೆ ಇರಲಿ. ಎರಡು ಸಾಲುಗಳ ನಡುವೆ 60 ಸೆಂ.ಮೀ. ಅಂತರವಿರಲಿ.

ಹಾಸು: ಹಾಸಿಗೆ ಹತ್ತಿಯ ಗಟ್ಟಿ ಹುರಿದಾರ ಬಳಸಿರಿ. ಕೈಯಿಂದ ನೂತ ಉಣ್ಣೆ ಮೊದಮೊದಲು ಎಳೆತ ತಡೆಯದೆ ತುಂಡಾಗುತ್ತದೆ. ಕೆಳಗಿನ ಮೊದಲ ಮೊಳೆಗೆ ಗಂಟು ಹಾಕಿ, ಮೇಲಿನ ಮೊದಲ ಮೊಳೆ ಸುತ್ತಿಸಿ, ಕೆಳಗಿನ ಎರಡನೆಯದಕ್ಕೆ, ಮತ್ತೆ ಮೇಲಿನ ಎರಡನೆಯದಕ್ಕೆ, ಹೀಗೆ ಕೊನೆಯವರೆಗೆ ತನ್ನಿರಿ. ಒಟ್ಟು 99 ಎಳೆಗಳಾಗುತ್ತವೆ. 99 ಎಳೆಗೆ 60 ಸೆಂ.ಮೀ.ನಂತೆ ಸುಮಾರು 60 ಮೀಟರ್. ಗಂಟಿಗೂ ಸೇರಿಸಿ 65 ಮೀಟರ್ ದಾರ ಬೇಕು. ಎಲ್ಲ ಎಳೆಗಳೂ ಒಂದೇ ಬಿಗಿಯಲ್ಲಿರಲಿ. ಬೆರಳಿನಿಂದ ಮೀಟಿದರೆ ಒಂದೇ ನಾದ ಬರಬೇಕು.

ಎಡೆ ಬಿಡಿಸುವುದು: ಒಂದು ಚಪ್ಪಟೆ ಪಟ್ಟಿಯನ್ನು ಒಂದು ಎಳೆಯ ಮೇಲೆ, ಒಂದರ ಕೆಳಗೆ ಬರುವಂತೆ ತೂರಿಸಿರಿ. ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿದರೆ ಒಂದು ಎಡೆ ತೆರೆಯುತ್ತದೆ. ಪಟ್ಟಿಯ ಕೆಳಗುಳಿದ ಎಳೆಗಳಿಗೆ ಒಂದೊಂದು ದಾರದ ಕುಣಿಕೆ ಹಾಕಿ, ಎಲ್ಲವನ್ನೂ ಒಂದು ದುಂಡು ಕೋಲಿಗೆ ಕಟ್ಟಿರಿ. ಕೋಲೆತ್ತಿದರೆ ಎರಡನೆಯ ಎಡೆ ತೆರೆಯುತ್ತದೆ.

ನೇಯ್ಗೆ: ಕೆಳಗೆ 5 ಸೆಂ.ಮೀ. ಬಿಟ್ಟು ಪ್ರಾರಂಭಿಸಿ. ಹೊಕ್ಕಿನ ಉಣ್ಣೆಯನ್ನು ನೇರವಾಗಿ ಬಿಗಿದೆಳೆದರೆ ಆಸನ ನಡುವೆ ಸೊಂಟದಂತೆ ಸಣ್ಣದಾಗುತ್ತದೆ. ಇದು ಹೊಸಬರ ಸಾಮಾನ್ಯ ತೊಂದರೆ. ಹೊಕ್ಕನ್ನು ಬಿಲ್ಲಿನಂತೆ ಕಮಾನಾಗಿ ಬಿಟ್ಟು, ಅನಂತರ ಹಲ್ಲು ಅಗಲವಾದ ಮರದ ಬಾಚಣಿಗೆಯಿಂದ ಕೆಳಕ್ಕೆ ಬಡಿಯಿರಿ. ಪ್ರತಿ 5 ಸೆಂ.ಮೀ.ಗೊಮ್ಮೆ ಅಗಲವನ್ನು ಅಳೆಯಿರಿ. ಹಾಸಿನ ದಾರ ಕಾಣದಷ್ಟು ಒತ್ತಾಗಿ ಬಡಿದರೆ ಆಸನ ಬಿರುಸಾಗಿ, ಬಹುಕಾಲ ಬಾಳುತ್ತದೆ.

ಅಂಚಿಗೆ ಕಪ್ಪು, ಒಡಲಿಗೆ ಬೂದು, ನಡುವೆ ಎರಡು ಬಿಳಿ ಪಟ್ಟೆ ಹಾಕಿ ನೋಡಿ. ಮೇಲೂ 5 ಸೆಂ.ಮೀ. ಬಿಟ್ಟು ನಿಲ್ಲಿಸಿರಿ. ಹಾಸಿನ ಎಳೆಗಳನ್ನು ಮೊಳೆಯಿಂದ ಬಿಡಿಸಿ, ಕತ್ತರಿಸಿ, ನಾಲ್ಕು ನಾಲ್ಕರಂತೆ ಕೂಡಿಸಿ ಗಂಟು ಹಾಕಿದರೆ ಕುಚ್ಚಿನ ಅಂಚು ದೊರೆಯುತ್ತದೆ.

ಎಷ್ಟು ಉಣ್ಣೆ ಬೇಕೆಂದು ಊಹಿಸಬೇಡಿ. ಮೊದಲ 5 ಸೆಂ.ಮೀ. ನೇಯುವ ಮುನ್ನ ಲಡಿ ತೂಗಿ, ನೇಯ್ದ ಮೇಲೆ ಮತ್ತೆ ತೂಗಿ. ಉದಾಹರಣೆಗೆ 30 ಗ್ರಾಂ ಹಿಡಿದಿದ್ದರೆ 50 ಸೆಂ.ಮೀ. ಉದ್ದಕ್ಕೆ 300 ಗ್ರಾಂ ಬೇಕು. ನೂಲು ಸಾಲದಿದ್ದರೆ ಆಗಲೇ ತಿಳಿಯುತ್ತದೆ. ಅರ್ಧ ನೇಯ್ದ ಮೇಲೆ ನೂಲು ಮುಗಿದರೆ ಅದೇ ದಪ್ಪದ, ಅದೇ ಬಣ್ಣದ ನೂಲು ಮತ್ತೆ ಸಿಗುವುದು ಕಷ್ಟ.

ಎರಡನೆಯ ವಸ್ತು: ಹೆಣೆದ ಮಸಿಬಟ್ಟೆ

ಒಲೆಯ ಮೇಲಿನ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಗೆ ಉಣ್ಣೆಯಷ್ಟು ಒಳ್ಳೆಯ ವಸ್ತು ಅಪರೂಪ. ಕೈಗಷ್ಟೇ ತಾಗುವುದರಿಂದ ಒರಟಾದರೂ ಬಾಧೆಯಿಲ್ಲ. ಹೆಣಿಗೆ ಕಲಿಯುವವರಿಗೂ ಇದು ಸುಲಭ. ಆದರೆ ಪೇಟೆಯ ಅಕ್ರಿಲಿಕ್ ನೂಲಿನಿಂದ ಮಸಿಬಟ್ಟೆ ಎಂದೂ ಹೆಣೆಯಬಾರದು. ಅದು ಬಿಸಿಗೆ ಕರಗಿ ಕೈಗೆ ಅಂಟಿಕೊಂಡು ಸುಡುತ್ತದೆ.

ಕೊಂಡ ನೂಲು ಯಾವುದೆಂದು ಸಂಶಯವಿದ್ದರೆ ಒಂದು ತುಂಡನ್ನು ಇಕ್ಕಳದಲ್ಲಿ ಹಿಡಿದು ದೀಪಕ್ಕೆ ತೋರಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಉಳಿದ ಕರಿ ಬೂದಿ ಬೆರಳಿನಲ್ಲಿ ಪುಡಿಯಾಗುತ್ತದೆ. ಕೃತಕ ನೂಲಾದರೆ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಂತಾಗುತ್ತದೆ.

ಕಡ್ಡಿ: ಪೆನ್ಸಿಲ್ ಗಾತ್ರದ ಎರಡು ಬಿದಿರಿನ ಕಡ್ಡಿಗಳನ್ನು ಉಜ್ಜುಕಾಗದದಿಂದ ನುಣುಪು ಮಾಡಿ, ಒಂದು ತುದಿ ಚೂಪಾಗಿಸಿ, ತುಸು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿರಿ.

ಮಾದರಿ ತುಣುಕು: ಮೊದಲು 15 ಕುಣಿಕೆಗಳ ಒಂದು ಸಣ್ಣ ತುಣುಕು ಹೆಣೆದು, 10 ಸೆಂ.ಮೀ. ಅಗಲದಲ್ಲಿ ಎಷ್ಟು ಕುಣಿಕೆಗಳಿವೆ ಎಂದು ಎಣಿಸಿರಿ. 12 ಇದ್ದರೆ 20 ಸೆಂ.ಮೀ. ಅಗಲಕ್ಕೆ 24 ಕುಣಿಕೆ ಬೇಕು. ನೂಲಿನ ದಪ್ಪ, ಕೈಯ ಬಿಗಿ ಒಬ್ಬೊಬ್ಬರದು ಒಂದೊಂದು ರೀತಿ. ಆದ್ದರಿಂದ ನೆರೆಮನೆಯವರ ಎಣಿಕೆ ನಿಮಗೆ ಹೊಂದುವುದಿಲ್ಲ. ಮಾದರಿ ತುಣುಕಿಗೆ ಹಿಡಿಯುವ ಅರ್ಧ ಗಂಟೆ ಮುಂದೆ ಒಂದು ದಿನದ ದುಡಿಮೆಯನ್ನು ಉಳಿಸುತ್ತದೆ.

ಹೆಣೆಯುವ ಕ್ರಮ: ಎಡಗೈ ಕಡ್ಡಿಯ ಮೇಲೆ 24 ಕುಣಿಕೆ ಏರಿಸಿಕೊಳ್ಳಿ. ಬಲಗೈ ಕಡ್ಡಿಯ ತುದಿಯನ್ನು ಮೊದಲ ಕುಣಿಕೆಯೊಳಗೆ ಮುಂದಿನಿಂದ ಹಿಂದಕ್ಕೆ ತೂರಿಸಿ, ನೂಲನ್ನು ತುದಿಗೆ ಒಂದು ಸುತ್ತು ತಂದು, ಆ ನೂಲನ್ನು ಕುಣಿಕೆಯ ಮೂಲಕ ಈಚೆಗೆ ಎಳೆದು, ಹಳೆಯ ಕುಣಿಕೆಯನ್ನು ಎಡ ಕಡ್ಡಿಯಿಂದ ಜಾರಿಸಿರಿ. ಇದೇ ನೇರ ಹೆಣಿಗೆ. ಸಾಲು ಮುಗಿದೊಡನೆ ಕಡ್ಡಿಗಳನ್ನು ಕೈ ಬದಲಿಸಿ ಮತ್ತೆ ಹಾಗೆಯೇ ಹೆಣೆಯಿರಿ. ಪ್ರತಿ ಸಾಲಿನ ಕೊನೆಗೆ ಕುಣಿಕೆಗಳನ್ನು ಎಣಿಸಿ. 23 ಅಥವಾ 25 ಆಗಿದ್ದರೆ ಆ ಸಾಲನ್ನು ಬಿಚ್ಚಿ ಸರಿಪಡಿಸಿ, ಮುಂದೆ ಹೋಗಿ.

40 ಸೆಂ.ಮೀ. ಉದ್ದವಾದಾಗ ಮುಗಿಸಿರಿ. ಎರಡು ಕುಣಿಕೆ ಹೆಣೆದು, ಮೊದಲನೆಯದನ್ನು ಎರಡನೆಯದರ ಮೇಲಿನಿಂದ ದಾಟಿಸಿ ಬಿಡಿ. ಇನ್ನೊಂದು ಹೆಣೆದು ಮತ್ತೆ ದಾಟಿಸಿ. ಕೊನೆಯ ಕುಣಿಕೆಯಲ್ಲಿ ನೂಲು ಎಳೆದು ಕತ್ತರಿಸಿ. ನಡುವೆ ಮಡಚಿ ಮೂರು ಬದಿ ಹೊಲಿದರೆ 20 ಸೆಂ.ಮೀ. ಚೌಕದ, ಎರಡು ಪದರದ ಮಸಿಬಟ್ಟೆ ಸಿದ್ಧ. ಒದ್ದೆ ಬಟ್ಟೆ ಬಿಸಿಯನ್ನು ಬೇಗ ಹಾಯಿಸುವುದರಿಂದ ಯಾವಾಗಲೂ ಒಣಗಿದ್ದನ್ನೇ ಬಳಸಿರಿ.

ಇದೇ ಹೆಣಿಗೆಯಿಂದ ಸೈಕಲ್ ಸೀಟಿನ ಕವಚ, ಸಣ್ಣ ಚೀಲ ಮಾಡಬಹುದು. ಟೋಪಿ ಹೆಣೆದರೆ ಒಳಗೆ ಹತ್ತಿ ಬಟ್ಟೆಯ ಒಳಪದರ ಕೊಡುವುದು ಕಡ್ಡಾಯ.

ಮಾರುವ ಮೊದಲು ಲೆಕ್ಕ

ಒಂದು ಆಸನಕ್ಕೆ 300 ಗ್ರಾಂ ನೂಲು ಬೇಕೆಂದುಕೊಳ್ಳಿ. ಹಿಂಜುವಾಗ, ನೂಲುವಾಗ ಆಗುವ ನಷ್ಟ ಸೇರಿ ಸುಮಾರು 330 ಗ್ರಾಂ ತೊಳೆದ ಉಣ್ಣೆ ಬೇಕು. ನಿಮ್ಮ 100 ಗ್ರಾಂ ಹಸಿ ಉಣ್ಣೆ ತೊಳೆದ ಮೇಲೆ 70 ಗ್ರಾಂ ಉಳಿದಿದ್ದರೆ ಸುಮಾರು 475 ಗ್ರಾಂ ಹಸಿ ಉಣ್ಣೆ ಬೇಕಾಯಿತು. ಕೊಳಕು ಭಾಗ ಕಳೆದು ನೋಡಿದರೆ ಎರಡು ಕುರಿಗಳ ಒಂದು ಸಲದ ಉಣ್ಣೆ.

ಈಗ ದುಡಿಮೆಯ ಲೆಕ್ಕ. ತೊಳೆದು ಹಿಂಜಲು 4 ಗಂಟೆ, ನೂತು ಹುರಿ ಮಾಡಲು 12 ಗಂಟೆ, ನೇಯಲು 6 ಗಂಟೆ ಹಿಡಿದರೆ ಒಟ್ಟು 22 ಗಂಟೆ. ಇದು ಮಾದರಿ ಲೆಕ್ಕ ಮಾತ್ರ. ನಿಮ್ಮ ಗಂಟೆಗಳನ್ನು ನೀವೇ ಬರೆದಿಡಿ. ಅದನ್ನು ನಿಮ್ಮೂರಿನ ಕೂಲಿಯಿಂದ ಗುಣಿಸಿ, ದಾರದ ಖರ್ಚು ಸೇರಿಸಿದರೆ ಆಸನದ ನಿಜವಾದ ಬೆಲೆ ತಿಳಿಯುತ್ತದೆ.

ಈ ಲೆಕ್ಕದಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಅರ್ಧಕ್ಕಿಂತ ಹೆಚ್ಚು ವೇಳೆ ಹೋಗುವುದು ನೂಲಿಗೆ. ಆದ್ದರಿಂದ ದುಡಿಮೆ ಉಳಿಸಬೇಕೆಂದಿದ್ದರೆ ರಾಟೆಯ ಮೇಲೆ ಹಣ ಹಾಕಿ. ಮಗ್ಗದ ಮೇಲೆ ಅಲ್ಲ. ಎರಡನೆಯದು, ವ್ಯಾಪಾರಿ ಹೇಳುವ ಬೆಲೆ ಈ ಲೆಕ್ಕಕ್ಕಿಂತ ಕಡಿಮೆಯಾದರೆ ಮಾರುವ ಬದಲು ಮನೆಗೇ ಇಟ್ಟುಕೊಳ್ಳುವುದು ಲಾಭ. ನೂಲುವವರ, ಬಹುತೇಕ ಮನೆಯ ಹೆಣ್ಣುಮಕ್ಕಳ, ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯದೆ ಬೆಲೆ ಕಟ್ಟಿದರೆ ಕಂಡದ್ದು ಲಾಭ, ನಡೆದದ್ದು ನಷ್ಟ. ಮೊದಲ ವರ್ಷ ಮನೆಬಳಕೆಗೆ ಮಾತ್ರ ಮಾಡಿ, ಕೈ ಕುದುರಿದ ಮೇಲೆ ಮಾರಾಟದ ಯೋಚನೆ ಮಾಡಿರಿ. ನಾಲ್ಕಾರು ಮನೆಯವರು ಸೇರಿ ಉಣ್ಣೆ ಆರಿಸುವುದು, ತೊಳೆಯುವುದನ್ನು ಒಟ್ಟಾಗಿ ಮಾಡಿದರೆ ಸೌದೆ, ನೀರು, ವೇಳೆ ಮೂರೂ ಉಳಿಯುತ್ತವೆ.

ಕಾಪಾಡುವುದು

ಉಣ್ಣೆಯ ಶತ್ರು ನುಸಿ. ಹಾರಾಡುವ ನುಸಿ ಉಣ್ಣೆ ತಿನ್ನುವುದಿಲ್ಲ. ಅದರ ಮರಿಹುಳು ತಿನ್ನುತ್ತದೆ. ಬೆವರು, ಎಣ್ಣೆ, ಅನ್ನದ ಕಲೆಯಿರುವ ಉಣ್ಣೆಯೆಂದರೆ ಅದಕ್ಕೆ ಬಲು ಇಷ್ಟ. ಆದ್ದರಿಂದ ತೊಳೆದು, ಪೂರ್ತಿ ಒಣಗಿಸಿಯೇ ಇಡಬೇಕು. ತಿಂಗಳಿಗೊಮ್ಮೆ ಕಡುಬಿಸಿಲಿಗೆ ಹಾಕಿ ಚೆನ್ನಾಗಿ ಕೊಡವಿರಿ. ಒಣಗಿದ ಬೇವಿನೆಲೆ ಇಡುವ ರೂಢಿಯಿದೆ. ಅದೊಂದನ್ನೇ ನಂಬಿ ಬಿಸಿಲಿಗೆ ಹಾಕುವುದನ್ನು ಬಿಡಬೇಡಿ.

ನೆನಪಿನಲ್ಲಿಡಬೇಕಾದ ಅಂಶಗಳು

* ಒರಟು ಉಣ್ಣೆ ಕೆಟ್ಟ ಉಣ್ಣೆಯಲ್ಲ. ಚರ್ಮಕ್ಕೆ ತಾಗದ ವಸ್ತುಗಳಿಗೆ ಅದೇ ಶ್ರೇಷ್ಠ.
* ಸತ್ತ ಕುರಿಯ ಉಣ್ಣೆ ಮುಟ್ಟಬಾರದು.
* ತೊಳೆಯುವಾಗ ತಿಕ್ಕಬಾರದು, ಸೋಡಾ ಬಳಸಬಾರದು.
* ನೇಯುವ ಮೊದಲು ತೂಕ, ಹೆಣೆಯುವ ಮೊದಲು ಮಾದರಿ ತುಣುಕು.
* ನೂಲುವವರ ದುಡಿಮೆಗೂ ಬೆಲೆ ಕಟ್ಟಬೇಕು.

ಅಭ್ಯಾಸಕ್ಕೆ ಪ್ರಶ್ನೆಗಳು

1. ದಖನಿ ಉಣ್ಣೆಯ ಸ್ವೆಟರು ಮೈಗೆ ಚುಚ್ಚುವುದೇಕೆ?
2. ಗಡಸು ನೀರಿರುವ ಊರಿನಲ್ಲಿ ಉಣ್ಣೆ ತೊಳೆಯಲು ಅಂಟುವಾಳ ಏಕೆ ಸೂಕ್ತ?
3. 10 ಸೆಂ.ಮೀ. ಮಾದರಿಯಲ್ಲಿ 14 ಕುಣಿಕೆಗಳಿದ್ದರೆ 25 ಸೆಂ.ಮೀ. ಅಗಲಕ್ಕೆ ಎಷ್ಟು ಕುಣಿಕೆ ಬೇಕು?
4. ನಿಮ್ಮ ಮಂದೆಯ ಒಂದು ಕುರಿಯ ಉಣ್ಣೆಯನ್ನು ಮೂರು ಪಾಲು ಮಾಡಿ ತೂಗಿರಿ. ನೂಲಲು ಯೋಗ್ಯವಾದದ್ದು ಎಷ್ಟು?

ಮೂರನೆಯ ಪ್ರಶ್ನೆಯ ಉತ್ತರ 35. ನಾಲ್ಕನೆಯದಕ್ಕೆ ಉತ್ತರ ನಿಮ್ಮ ತಕ್ಕಡಿಯಲ್ಲೇ ಇದೆ. ಬರುವ ಸಲ ತುಪ್ಪಟ ಕತ್ತರಿಸಿದಾಗ ಎರಡು ಕುರಿಗಳ ಉಣ್ಣೆಯನ್ನು ಮಾತ್ರ ಬೇರೆ ಎತ್ತಿಡಿ. ಒಂದು ಆಸನಕ್ಕೆ ಅದು ಸಾಕು.